ವಸ್ತಿ ಬಸ್ಸಿನ ಮಲ್ಲಿಗೆ ಬುಟ್ಟಿ

ಮಲ್ಲಿಗೆಯ ವಾಸನೆ ಎಲ್ಲರಿಗೂ ಗೊತ್ತಿರುವಂಥದ್ದೇ. ಆದರೆ ಒದ್ದೆ ಧೋತರದ ತುಂಡಿನಲ್ಲಿ ಸುತ್ತಿದ ಮಲ್ಲಿಗೆ ಮೊಗ್ಗು, ಪಕ್ಕದಲ್ಲೇ ಕಾವೇರುತ್ತಿರುವ ಬಸ್ಸಿನ ಇಂಜಿನ್ನು, ಅದರ ಡೀಸೆಲ್ಲು, ಈ ಮೂರೂ ಕೂಡಿದ ವಾಸನೆಯನ್ನು ನೆನಪಿಟ್ಟುಕೊಂಡವರು ನಮ್ಮಂಥ ಕಂಡಕ್ಟರುಗಳಷ್ಟೇ ಇರಬೇಕು. ಹೋದ ವಾರ ಕುಷ್ಟಗಿ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹಳ್ಳಿ ಕಡೆಯಿಂದ ಬಂದ ಬಸ್ಸೊಂದು ಮುಂದೆ ನಿಂತಿತು. ಡ್ರೈವರಿನ ಪಕ್ಕದಿಂದ ಯಾರೋ ಒಂದು ಹೂವಿನ ಬುಟ್ಟಿಯನ್ನು ಕೆಳಗಿಳಿಸಿದರು. ಅಷ್ಟೇ ಸಾಕಾಯಿತು. ನಾನು ಹತ್ತಬೇಕಾಗಿದ್ದ ಬಸ್ಸು ಬಂದು ಹೋದದ್ದು ನನಗೆ ತಿಳಿಯಲೇ ಇಲ್ಲ. ಮೊಣಕಾಲು ಸೋತ ಮೇಲೆ ಡಿಪೋದ ಆಫೀಸಿನಲ್ಲಿ ಕುರ್ಚಿ ಹಿಡಿದು ಕೂತವನು ನಾನು. ಬಸ್ಸು ತಪ್ಪಿಸಿಕೊಂಡೆನೆಂದರೆ ಅಲ್ಲಿ ನಗೆಪಾಟಲು ತಪ್ಪಿದ್ದಲ್ಲ. ಆದರೂ ನಿಲ್ದಾಣದ ಕಟ್ಟೆಯ ಮೇಲೆ ಸುಮ್ಮನೆ ಕೂತುಬಿಟ್ಟೆ. ಎದೆಯೊಳಗೆ ರೇಣವ್ವಕ್ಕ ಬಂದು ನಿಂತಿದ್ದಳು.

ಅದು ನಾನು ವಸ್ತಿ ಬಸ್ಸಿನ ಮೇಲೆ ಇದ್ದ ಬೇಸಿಗೆ. ರಾತ್ರಿ ಹಳ್ಳಿಯಲ್ಲೇ ಉಳಿದು ನಸುಕಿನಲ್ಲಿ ಹೊರಡುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ಸು ಎನ್ನುತ್ತಾರೆ. ಹನುಮಸಾಗರ ದಾಟಿ ಗುಡ್ಡದ ಕಡೆ ಹೊರಳಿದರೆ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ ನಮ್ಮ ವಸ್ತಿ. ಬೆಳಿಗ್ಗೆ ಹೊರಟರೆ ಕುಷ್ಟಗಿ, ತಾವರಗೇರಾ, ಕನಕಗಿರಿ ಮೇಲೆ ಹಾಯ್ದು ಗಂಗಾವತಿ. ಡ್ಯೂಟಿ ಬರೆದದ್ದನ್ನು ಕಂಡಾಗ ನಾನು ಸಿಟ್ಟಾಗಿದ್ದೆ. ಸೊಳ್ಳೆ, ಸೆಕೆ, ಪಂಚಾಯ್ತಿ ಕಟ್ಟೆಯ ಮೇಲಿನ ನಿದ್ದೆ, ಮನೆಯ ಊಟವಿಲ್ಲ. ನನ್ನ ಡ್ರೈವರ್ ಮೌನೇಶ ಮಾತ್ರ ಖುಷಿಯಲ್ಲಿದ್ದ. ಹೆಸರಿಗಷ್ಟೇ ಮೌನೇಶ, ಸ್ಟೇರಿಂಗ್ ಹಿಡಿದರೆ ಬಾಯಿ ಮುಚ್ಚುವ ಪೈಕಿಯಲ್ಲ. "ಏನ್ರಿ ಸರ್, ವಸ್ತಿ ಬಸ್ಸಂದ್ರ ಅಳಿಯತನ ಇದ್ದಂಗ. ದಿನಾ ಯಾರರ ಊಟಕ್ಕ ಕರೀತಾರ, ನೋಡ್ತಿರ್ರಿ," ಎಂದಿದ್ದ. ಅವನ ಮಾತು ಸುಳ್ಳಾಗಲಿಲ್ಲ.

ಮೊದಲ ದಿನವೇ ಇನ್ನೂ ಬೆಳಕು ಹರಿಯುವ ಮುಂಚೆ ಒಬ್ಬ ಹೆಂಗಸು ಬುಟ್ಟಿ ತಂದು ಡ್ರೈವರಿನ ಪಕ್ಕ ಇಂಜಿನ್ನಿಗೆ ತಾಗದ ಹಾಗೆ ಇಟ್ಟಳು. ಬಿದಿರಿನ ಬುಟ್ಟಿ. ಮೇಲೆ ಬಿಳಿ ಧೋತರದ ಒದ್ದೆ ತುಂಡು. ಇಟ್ಟವಳು ಹತ್ತುವ ಬದಲು ಇಳಿದು ನಿಂತಳು.

"ಯಕ್ಕಾ, ಬುಟ್ಟಿ ಬಂತು, ನೀವೆಲ್ಲಿ?" ಎಂದೆ.

"ನಾ ಬರಂಗಿಲ್ಲಪ್ಪ. ಬುಟ್ಟಿ ಅಷ್ಟ ಹೋಗೂದು. ಗಂಗಾವತ್ಯಾಗ ಶಂಕ್ರಮ್ಮ ಬಂದು ಇಳಿಸ್ಕೊಂತಾಳ. ಸಂಜೀಕ ಖಾಲಿ ಬುಟ್ಟಿ ತಂದುಬಿಡು."

"ಮತ್ತ ಲಗೇಜು ಟಿಕೆಟ್ಟು?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೆರಗಿನಲ್ಲಿದ್ದ ಒಂದು ಮೊಳ ಹೂವನ್ನು ಮೌನೇಶನ ಕೈಗೆ ಕೊಟ್ಟಳು. ಅವನು ಅದನ್ನು ಬಸ್ಸಿನ ಮುಂದಿನ ದೇವರ ಪಟಕ್ಕೆ ಹಾಕಿ, ನನ್ನ ಕಡೆ ತಿರುಗಿ, "ಆತ್ರಿ, ದೇವರ ಟಿಕೆಟ್ ತಗೊಂಡಾನ," ಎಂದು ಹಾರ್ನ್ ಹೊಡೆದ. ಅಲ್ಲಿಗೆ ನನ್ನ ಕಾಯ್ದೆ ಮುಗಿಯಿತು.

ಅವಳೇ ರೇಣವ್ವ. ಗಂಡ ಸತ್ತು ಬಹಳ ವರ್ಷಗಳಾಗಿದ್ದವು. ಮನೆಯ ಹಿತ್ತಲಿಗೆ ಹತ್ತಿದ ಒಂದು ತುಂಡು ಕೆಂಪು ಹೊಲ, ಒಂದು ಬೋರು, ಹೊಲದ ತುಂಬ ಮಲ್ಲಿಗೆ. ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಮಲ್ಲಿಗೆ ಗಿಡಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ. ಇವತ್ತಿನ ಮೊಗ್ಗನ್ನು ಇವತ್ತೇ ಹರಿಯಬೇಕು, ನಾಳೆಗೆ ಅದು ಅರಳಿ ಯಾರಿಗೂ ಬೇಡವಾಗುತ್ತದೆ. ನಸುಕಿನಲ್ಲಿ ಹೂವು, ಆಮೇಲೆ ಅತ್ತೆಯ ಚಾಕರಿ, ಮತ್ತೆ ಗಿಡಕ್ಕೆ ನೀರು. ಆಕೆ ಊರು ದಾಟಿದ್ದು ಯಾರಿಗೂ ನೆನಪಿರಲಿಲ್ಲ.

ಶಂಕ್ರಮ್ಮನದೂ ಅದೇ ಕಥೆ, ಊರು ಬೇರೆ ಅಷ್ಟೆ. ಗಂಗಾವತಿ ನಿಲ್ದಾಣದ ಹೊರಗೆ ಅವಳ ಹೂವಿನ ಅಂಗಡಿ. ಅಂಗಡಿಯೆಂದರೆ ಒಂದು ಕಟ್ಟಿಗೆ ಹಲಗೆ, ಮೇಲೊಂದು ತಾಡಪಾಲು. ಗಂಡ ವಿರುಪಣ್ಣ ಹಿಂದೆ ಕೂತು ಮಾತಿಲ್ಲದೆ ಹಾರ ಕಟ್ಟುತ್ತಿದ್ದ, ಮಗಳು ಶೋಭಾ ಮೊಳ ಹಾಕುತ್ತಿದ್ದಳು, ಶಂಕ್ರಮ್ಮ ಕೂಗಿ ಮಾರುತ್ತಿದ್ದಳು. ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೂ ಹಲಗೆ ಬಿಟ್ಟು ಅಲುಗುವ ಹಾಗಿರಲಿಲ್ಲ. ನಾಲ್ಕೈದು ವರ್ಷಗಳ ಹಿಂದೆ ಯಾವನೋ ಕಂಡಕ್ಟರ್ ಫೋನ್ ನಂಬರು ಕೊಟ್ಟು ಇಬ್ಬರನ್ನೂ ಹೂವಿನ ವ್ಯವಹಾರಕ್ಕೆ ಗಂಟು ಹಾಕಿದ್ದನಂತೆ. ಅವತ್ತಿನಿಂದ ದಿನವೂ ಬುಟ್ಟಿ ಹೋಗುತ್ತಿತ್ತು, ಬರುತ್ತಿತ್ತು. ದಿನವೂ ಫೋನಿನಲ್ಲಿ ಮಾತು ನಡೆಯುತ್ತಿತ್ತು. ಆದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ರೇಣವ್ವನ ಕೈಯಲ್ಲಿದ್ದದ್ದು ಗುಂಡಿಯ ಫೋನು, ಅದರಲ್ಲಿ ಫೋಟೋ ಎಲ್ಲಿಂದ ಬರಬೇಕು.

ನಾನಿದನ್ನು ಮೊದಲು ನಂಬಲೇ ಇಲ್ಲ. ಅವರ ಸಲಿಗೆ ನೋಡಿದರೆ ಅಕ್ಕತಂಗಿಯರೇ ಇರಬೇಕು ಎನ್ನಿಸುತ್ತಿತ್ತು. ಹೂವಿನ ಕೆಳಗೆ ಸಜ್ಜೆ ರೊಟ್ಟಿಯ ಗಂಟು ಇರುತ್ತಿತ್ತು, ಶೇಂಗಾ ಹಿಂಡಿ ಇರುತ್ತಿತ್ತು, ಕೆಲವೊಮ್ಮೆ ಹುಣಸೆ ಚಿಗುರು. ಸಂಜೆ ಖಾಲಿ ಬುಟ್ಟಿ ಎಂದು ಕೊಡುತ್ತಿದ್ದದ್ದು ಎಂದೂ ಖಾಲಿ ಇರುತ್ತಿರಲಿಲ್ಲ. ಹೊಸ ಅಕ್ಕಿ, ಎಲೆಅಡಿಕೆ, ಅತ್ತೆಯ ಕೈಕಾಲಿಗೆ ತಿಕ್ಕಲು ಎಣ್ಣೆ. ಕಾಲುವೆ ನೀರಿನ ಅಕ್ಕಿ ಮೇಲಕ್ಕೆ, ಮಳೆ ನಂಬಿದ ಸಜ್ಜೆ ಕೆಳಕ್ಕೆ, ನಡುವೆ ಹಸಿದ ಕಂಡಕ್ಟರ್. ಒಂದು ದಿನ ಎರಡು ರೊಟ್ಟಿ ಕಡಿಮೆ ಬಂದಾಗ ಶಂಕ್ರಮ್ಮ ಬುಟ್ಟಿಯನ್ನು ತಟ್ಟುತ್ತ, "ದಾರ್ಯಾಗ ಇಲಿ ಹೊಕ್ಕಿರಬೇಕ್ರಿ. ಖಾಕಿ ಅಂಗಿ ಇಲಿ," ಎಂದಳು. ಮಾರನೆಯ ದಿನದಿಂದ ನಮ್ಮಿಬ್ಬರಿಗೂ ಬೇರೆ ಗಂಟು ಬರತೊಡಗಿತು. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದರು.

ಶಂಕ್ರಮ್ಮ ಮಾರುವಾಗ ಎಷ್ಟು ಜೋರೋ ಕೆಲವು ವಿಷಯಗಳಲ್ಲಿ ಅಷ್ಟೇ ಮೆತ್ತಗೆ. ಒಂದು ದಿನ ಆಕೆ ನನಗೆ, "ನಾಳಿಗೆ ಹೂವ ಭಾಳ ಬೇಕು ಅಂತ ರೇಣವ್ವಗ ಹೇಳ್ರಿ, ನನ್ನ ಫೋನ್ ಸತ್ತೈತಿ," ಎಂದಳು. ಹಿಂದಿನ ಗಲ್ಲಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡ ಸುದ್ದಿ ನನಗೆ ಗೊತ್ತಿತ್ತು. "ಮಣ್ಣಿಗೆ ಬೇಕಂತ ಹೇಳಲೇನ್ರಿ?" ಎಂದೆ. ಆಕೆ ಹಲಗೆಯಿಂದ ಎದ್ದೇ ಬಂದಳು.

"ಹಂಗ ಮಾತ್ರ ಹೇಳಬ್ಯಾಡ್ರಿ. ಹೂವ ಹರಿಯಾಕಿ ಮುಂದ ಸಾವಿನ ಸುದ್ದಿ ಆಡಬಾರ್ದು. ಆಕಿ ಮನಸ್ಸಿನ್ಯಾಗ ಇಟ್ಕೊಂಡು ಹರದ್ರ ಗಿಡಕ್ಕ ಮುಟ್ಟತೈತಿ. ಬೇಕು ಅನ್ರಿ, ಅಷ್ಟ ಸಾಕು."

ಹೂವಿನ ಮಂದಿಯಲ್ಲಿ ಅದೊಂದು ಕಟ್ಟುನಿಟ್ಟು. ಮದುವೆಗೆ ಬೇಕಾದರೆ ಬಾಯಿತುಂಬ ಹೇಳುತ್ತಾರೆ, ಸಾವಿಗೆ ಬೇಕಾದರೆ ಬರೀ ಬೇಕು ಎನ್ನುತ್ತಾರೆ. ನನಗೆ ನಗು ಬಂದರೂ ಹಾಗೆಯೇ ಹೇಳಿದೆ.

ಬೇಸಿಗೆ ಏರಿತು. ಗಂಗಾವತಿ ಕಡೆ ಎರಡನೆಯ ಬೆಳೆಯ ಭತ್ತ ಕೊಯ್ಲಿಗೆ ಬಂದು, ರಸ್ತೆಯ ಅರ್ಧ ಭಾಗ ಭತ್ತ ಒಣಗಿಸುವವರದಾಯಿತು. ಮೌನೇಶ ಬಯ್ಯುತ್ತ ಬಯ್ಯುತ್ತ ಬಸ್ಸು ತಗ್ಗಿಗಿಳಿಸುತ್ತಿದ್ದ. ಕನಕಗಿರಿಯ ಆಚೆ ಕಲ್ಲುಗುಡ್ಡ ಕಾದ ಹಂಚಿನಂತೆ ಉಸಿರು ಬಿಡುತ್ತಿತ್ತು. ಧೋತರದ ತುಂಡು ಒಣಗದಿರಲೆಂದು ನಾನು ತಾವರಗೇರಾದಲ್ಲಿ ಇಳಿದು ನೀರು ಚಿಮುಕಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ಯಾರೂ ಹೇಳಿರಲಿಲ್ಲ. ಆ ಬುಟ್ಟಿಯ ಮೇಲೆ ನನಗೂ ಜೀವ ಹತ್ತಿಬಿಟ್ಟಿತ್ತು.

ಆ ದಿನಗಳಲ್ಲೇ ಶೋಭಾಳ ಮದುವೆ ನಿಶ್ಚಯವಾಯಿತು. ಅಂದಿನಿಂದ ಇಬ್ಬರ ಫೋನಿನಲ್ಲೂ ಒಂದೇ ಮಾತು. ಶಂಕ್ರಮ್ಮ, "ಈ ಸಲ ಹೂವ ಬರೋದು ಬ್ಯಾಡ, ನೀನ ಬರಬೇಕು," ಎನ್ನುವಳಂತೆ. ರೇಣವ್ವ ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಒಂದು ಸಂಜೆ ಬುಟ್ಟಿ ಇಸಿದುಕೊಳ್ಳುತ್ತ ನನ್ನ ಮುಂದೆ ಮನಸ್ಸು ಬಿಚ್ಚಿದಳು.

"ಹೋಗಬೇಕಂತ ಭಾಳ ಐತಪ್ಪ. ಬಾಜೂ ಮನಿ ಬಸಮ್ಮಗ ಹೇಳೀನಿ, ಒಂದಿನ ಅತ್ತೀನ ನೋಡ್ಕೊಂತಾಳ. ಆದ್ರ ಮದಿವಿ ಮನ್ಯಾಗ ನನ್ನಂಥಾಕಿ ಮುಂದ ಮುಂದ ಓಡ್ಯಾಡಿದ್ರ ಛಲೋ ಅಲ್ಲ. ಮೂಲ್ಯಾಗ ಕುಂತು ಶಂಕ್ರೀನ ಕಣ್ತುಂಬ ನೋಡಿ ಬಂದುಬಿಡ್ತೀನಿ."

"ಮೂಲ್ಯಾಗ ಯಾಕ ಕುಂದ್ರತೀರಿ, ಆಕಿ ಬಿಟ್ರಲ್ಲ," ಎಂದೆ. ಆಕೆಯ ಮುಖ ಒಂದು ಗಳಿಗೆ ಅರಳಿತು. ಅಷ್ಟು ವರ್ಷಗಳಲ್ಲಿ ಆ ಹೆಂಗಸು ತನಗೆಂದು ಆಸೆಪಟ್ಟದ್ದು ಅದೊಂದೇ ಇರಬೇಕು. ನಾನೂ ಆ ದಿನಕ್ಕೆ ಕಾಯತೊಡಗಿದೆ. ಆಕೆಯನ್ನು ಬಸ್ಸಿನಿಂದ ಇಳಿಸಿ, ಶಂಕ್ರಮ್ಮನ ಮುಂದೆ ನಿಲ್ಲಿಸಿ, ತಗೋರಿ ನಿಮ್ಮ ಬುಟ್ಟಿ ಎನ್ನಬೇಕೆಂದು ಮೌನೇಶನೂ ನಾನೂ ಮಾತಾಡಿಕೊಂಡಿದ್ದೆವು.

ಮದುವೆಗೆ ಇನ್ನೂ ಒಂದು ವಾರವಿತ್ತು. ಆ ಬೆಳಿಗ್ಗೆ ರೇಣವ್ವ ಒಂದಲ್ಲ, ಎರಡು ಬುಟ್ಟಿ ತಂದಳು. ಒಂದನ್ನು ಬಸಮ್ಮ ಹೊತ್ತಿದ್ದಳು. ರೇಣವ್ವನ ಕಣ್ಣಲ್ಲಿ ನಿದ್ದೆ ಇರಲಿಲ್ಲ, ಮುಖದ ಮೇಲೆ ಸಂಭ್ರಮ ಇತ್ತು.

"ಹುಡುಗೀದು ಫೋನ್ ಬಂದಿತ್ತಪ್ಪ, ಕತ್ತಲ ಇರುವಾಗನ. ಎಷ್ಟ ಹೂವ ಅದಾವೋ ಅಷ್ಟೂ ಬೇಕಂತ. ಅರಳಿದ್ದೂ ನಡೀತಾವಂತ. ಇವತ್ತ ಹಂದರ ಹಾಕ್ತಿರಬೇಕು. ಪಾಪ, ಧ್ವನಿ ಕಟ್ಟಿತ್ತು. ತವರು ಬಿಡೂ ಹೊತ್ತು ನೋಡು, ಅತ್ತಿದ್ದಾಳ."

ಆಮೇಲೆ ದನಿ ತಗ್ಗಿಸಿ ಧೋತರದ ಒಂದು ಚುಂಗು ಎತ್ತಿ ತೋರಿಸಿದಳು. ಮಲ್ಲಿಗೆಯ ಮೇಲೆ ಹಸಿರು ಕುಪ್ಪಸದ ಖಣ, ಹಸಿರು ಬಳೆ, ಅರಿಷಿಣ ಕುಂಕುಮದ ಪೊಟ್ಟಣ, ಒಂದು ತೆಂಗಿನಕಾಯಿ.

"ಶೋಭಾಗ ಉಡಿ ತುಂಬಾಕ. ಖಣ ನನ್ನ ಮದಿವ್ಯಾಗ ಬಂದಿದ್ದು, ಮಡಿಕಿ ಬಿಚ್ಚಿಲ್ಲ. ನಾ ಕೈಯಾರೆ ಕೊಟ್ರ ಮಂದಿ ಏನರ ಅಂತಾರ. ಬುಟ್ಟಿ ಕೊಟ್ರ ಯಾರೂ ಏನೂ ಅನ್ನೂದಿಲ್ಲ, ಹೌದಿಲ್ಲೋ?"

ಹೌದೆಂದೆ. ನನಗೂ ಬೇರೇನೂ ಹೊಳೆಯಲಿಲ್ಲ. ಮದುವೆ ಮನೆಯಿಂದ ಬಂದ ಫೋನಿನಲ್ಲಿ ಸಾವನ್ನು ಯಾರು ಹುಡುಕುತ್ತಾರೆ?

ಗಂಗಾವತಿಯಲ್ಲಿ ಶಂಕ್ರಮ್ಮ ನಿಂತಿರಲಿಲ್ಲ. ಹಲಗೆಯ ಮೇಲೆ ತಾಡಪಾಲು ಮುಚ್ಚಿತ್ತು. ಪಕ್ಕದಲ್ಲಿ ಬಾಳೆಹಣ್ಣು ಮಾರುವ ಹನುಮಕ್ಕ ಎದ್ದು ಬಂದು ನನ್ನ ತೋಳು ಹಿಡಿದಳು.

"ನಿನ್ನಿ ಸಂಜೀಕ ಎದಿ ಹಿಡ್ಕೊಂಡು ಕುಂತಾಕಿ ಮತ್ತ ಏಳಲಿಲ್ರಿ. ದವಾಖಾನಿ ಮುಟ್ಟೂದ್ರಾಗ ಹೋಗಿಬಿಟ್ಲು. ಹೂವ ಬಂದ ಕೂಡ್ಲೇ ಕಳಸು ಅಂತ ಶೋಭಾ ಹೇಳ್ಯಾಳ."

ನನಗೆ ಮೊದಲು ನೆನಪಾದದ್ದು ಬುಟ್ಟಿಯ ಮೇಲಿನ ಖಣ. ಸಾವಿನ ಮನೆಗೆ ಮದುಮಗಳ ಉಡಿ ಸಾಮಾನು ಹೊತ್ತುಕೊಂಡು ಹೋಗುವುದೇ? ತೆಗೆದು ಬ್ಯಾಗಿನಲ್ಲಿ ಹಾಕಿಕೊಳ್ಳೋಣವೆಂದರೆ ಅದು ನನ್ನ ಒಡವೆಯಲ್ಲ. ಮೌನೇಶ ಆ ದಿನ ಒಂದೇ ಮಾತು ಆಡಿದ. "ಹೋಗಿ ಬರ್ರಿ ಸರ್, ಗಾಡಿ ನಾ ನೋಡ್ಕೊಂತೀನಿ." ನಾನು ಒಂದು ಬುಟ್ಟಿ, ಹನುಮಕ್ಕ ಒಂದು ಬುಟ್ಟಿ ಹೊತ್ತು ಗಲ್ಲಿಯೊಳಗೆ ನಡೆದೆವು.

ಮನೆಯ ಮುಂದೆ ಮದುವೆಗೆಂದು ತಂದಿಳಿಸಿದ್ದ ಹಂದರದ ಗಳ ಹಾಗೆಯೇ ಬಿದ್ದಿದ್ದವು. ಅವುಗಳ ಮೇಲೆ ಗಂಡಸರು ಕೂತಿದ್ದರು. ಒಳಗೆ ಶಂಕ್ರಮ್ಮನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಮೈ ತೊಳೆದಿತ್ತು, ಹಣೆಗೆ ವಿಭೂತಿ ಹಚ್ಚಿತ್ತು. ವಿರುಪಣ್ಣ ಎಂದಿನಂತೆ ಮೂಲೆಯಲ್ಲಿ ಕೂತು ಬರಿಗೈಯಲ್ಲಿ ಬೆರಳು ಆಡಿಸುತ್ತಿದ್ದ, ಹೂವೇ ಇಲ್ಲದೆ ಹಾರ ಕಟ್ಟುವವನ ಹಾಗೆ. ಹೆಂಗಸರು ಏನಕ್ಕೋ ಕಾಯುತ್ತಿದ್ದರು. ಗಂಡನಿಗಿಂತ ಮುಂಚೆ ಹೋದ ಮುತ್ತೈದೆಗೆ ತವರಿನಿಂದ ಉಡಿ ಬರಬೇಕು, ಅದು ಬಂದ ಮೇಲೆಯೇ ಹೆಣ ಎತ್ತುವುದು. ಶಂಕ್ರಮ್ಮನಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಇದ್ದೊಬ್ಬ ಅಣ್ಣನೂ ಹೋಗಿಬಿಟ್ಟಿದ್ದ. ಒಬ್ಬ ಮುದುಕಿ, "ತವರ ಉಡಿ ಇಲ್ದ ಬರಿಗೈಲೆ ಹೆಂಗ ಕಳಸೂದವ್ವ, ಯಾರರ ಅಂಗಡಿಗಿ ಹೋಗಿ ಒಂದ ಖಣ ತರ್ರಿ," ಎನ್ನುತ್ತಿದ್ದಳು. "ಅಂಗಡೀದು ತವರಿಂದಾಗತೈತೇನು," ಎಂದು ಇನ್ನೊಬ್ಬಳು ಗೊಣಗಿದಳು.

ಅಷ್ಟರಲ್ಲಿ ಶೋಭಾ ಬುಟ್ಟಿಯ ಧೋತರ ಸರಿಸಿದಳು. ಖಣ ಕಂಡಿತು, ಬಳೆ ಕಂಡವು. ನಾನು ತಲೆ ಕೆಳಗೆ ಹಾಕಿದೆ. ಆ ಹುಡುಗಿಗೆ ಎಲ್ಲ ತಿಳಿಯಿತು. ಅದು ತನಗಾಗಿ ಬಂದದ್ದು, ರೇಣವ್ವನಿಗೆ ಸಾವಿನ ಸುದ್ದಿ ಗೊತ್ತಿಲ್ಲದೆ ಬಂದದ್ದು, ತಾಯಿ ಕಲಿಸಿದ ಕಟ್ಟುನಿಟ್ಟಿನ ಪ್ರಕಾರ ತಾನೇ ಹೇಳದೆ ಬಿಟ್ಟದ್ದು. ಖಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಂದು ಸಲ ಎದೆಗೆ ಒತ್ತಿಕೊಂಡಳು. ಆಮೇಲೆ ಮುದುಕಿಯ ಮುಂದೆ ಹಿಡಿದಳು.

"ಅವ್ವನ ತವರಮನಿ ಉಡಿ ಬಂದೈತಿ, ಆಯಿ. ತುಂಬೂನು ಬರ್ರಿ."

"ಯಾವ ತವರಮನಿಯಪ್ಪಾ?" ಮುದುಕಿ ನನ್ನನ್ನು ಕೇಳಿದಳು.

"ಹನುಮಸಾಗರದ ಕಡೇದ್ರಿ," ಎಂದೆ. ಮುಂದೆ ಯಾರೂ ಏನೂ ಕೇಳಲಿಲ್ಲ. ಬಳೆ ಏರಿಸಿದರು, ಕುಂಕುಮ ಹಚ್ಚಿದರು, ಖಣ ತೆಂಗಿನಕಾಯಿ ಉಡಿಯಲ್ಲಿಟ್ಟು ಎರಡು ಬುಟ್ಟಿ ಮಲ್ಲಿಗೆಯನ್ನೂ ಮೈತುಂಬ ಸುರಿದರು. ನಾನು ಹೊರಗೆ ಬಂದು ಗಳದ ಮೇಲೆ ಕೂತು ಅತ್ತೆ. ಖಾಕಿ ತೊಟ್ಟು ಅತ್ತದ್ದು ಅದೊಂದೇ ಸಲ. ಹೊರಡುವಾಗ ಶೋಭಾ ಬುಟ್ಟಿಗಳನ್ನು ಒಂದರಲ್ಲಿ ಒಂದು ಇಟ್ಟು ಕೊಟ್ಟಳು. "ಫೋನಿನ್ಯಾಗ ಹೇಳಾಕ ನನಗ ಬಾಯಿ ಬರೂದಿಲ್ರಿ. ನೀವ ಹೇಳಿಬಿಡ್ರಿ," ಎಂದಳು.

ಹೇಳುವ ಪಾಳಿ ನನ್ನ ಪಾಲಿಗೆ ಬಂತು. ಸಂಜೆಯ ದಾರಿ ಅಷ್ಟು ಉದ್ದವಾಗಿ ಎಂದೂ ಕಂಡಿರಲಿಲ್ಲ. ಕುಷ್ಟಗಿಯಲ್ಲಿ ಹತ್ತಿದವರು ಜಗಳಾಡಿದರು, ನಕ್ಕರು, ಚಿಲ್ಲರೆಗೆ ಗಂಟುಬಿದ್ದರು, ನನಗೆ ಯಾವುದೂ ಕಿವಿಗೆ ಬೀಳಲಿಲ್ಲ. ಹೇಗೆ ಶುರು ಮಾಡಬೇಕೆಂದು ಬಾಯಲ್ಲೇ ಆಡಿಕೊಳ್ಳುತ್ತ ಬಂದೆ. ರೇಣವ್ವ ನಿಲ್ದಾಣದ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದಳು.

"ಖಣ ಒಪ್ಪಿತೇನಪ್ಪ ಹುಡುಗಿಗಿ?"

ನಾನು ಕಲಿತುಕೊಂಡು ಬಂದ ಮಾತೆಲ್ಲ ಮರೆತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಆಕೆ ಬಸ್ಸಿನ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ತನ್ನ ಅಂಗೈಗಳನ್ನು ತಾನೇ ನೋಡಿಕೊಂಡಳು.

"ನಾ ಕುಂಕುಮ ಮುಟ್ಟಿ ಕಳಿಸಿದ್ದಕ್ಕ ಹಿಂಗಾತೇನೋ."

ಆ ಮಾತು ಕೇಳಿ ನನಗೆ ಸಿಟ್ಟೇ ಬಂತು. ಆಕೆಯ ಮೇಲಲ್ಲ, ಆಕೆಗೆ ಹಾಗೆ ಅನ್ನಿಸುವಂತೆ ಮಾಡಿದ ಎಲ್ಲರ ಮೇಲೆ. "ಯಕ್ಕಾ, ಅವರು ಹೋಗಿದ್ದು ನಿನ್ನಿ ಸಂಜೀಕ. ನೀವು ಬುಟ್ಟಿ ಕಟ್ಟಿದ್ದು ಇವತ್ತ ನಸಿಕಿನ್ಯಾಗ. ನಿಮ್ಮ ಉಡಿ ಬರಲಿಲ್ಲಂದ್ರ ಅವರು ತವರಿಲ್ಲದಾಕಿ ಆಗಿ ಹೋಗ್ತಿದ್ರು. ನನ್ನ ಕಣ್ಣಾರೆ ನೋಡೀನಿ," ಎಂದೆ.

ಆಕೆ ನನ್ನ ಮಾತನ್ನು ಒಂದೊಂದಾಗಿ ಒಳಗೆ ಇಳಿಸಿಕೊಂಡಳು. "ಉಡಿ ಯಾರು ತುಂಬಿದ್ರು?" ಎಂದಳು. ಶೋಭಾ ಎಂದೆ. ತಲೆಯಾಡಿಸಿ, ಬುಟ್ಟಿ ಎತ್ತಿಕೊಂಡು ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಆಕೆ ಬರುವುದಿಲ್ಲವೆಂದುಕೊಂಡಿದ್ದೆವು. ಬಂದಳು. ಒಂದೇ ಬುಟ್ಟಿ. ಕಣ್ಣು ಬಾತಿದ್ದವು.

"ಮಣ್ಣಿನ ಮ್ಯಾಲ ಏರಸಾಕ ಬೇಕಾಗ್ತಾವ, ಶೋಭಾಗ ಮುಟ್ಟಸು. ಇದಕ್ಕ ಅಂತ ಗೊತ್ತಿದ್ದ ಹರದೀನಿ. ಗಿಡಕ್ಕೂ ಹೇಳೀನಿ," ಎಂದಳು.

"ನೀವ ಬಂದುಬಿಡ್ರಿ ಯಕ್ಕಾ. ಇವತ್ತರ ಬರ್ರಿ," ಎಂದೆ.

"ಇನ್ನ ಬಂದು ಯಾರನ್ನ ನೋಡಲಿ?"

ಮೌನೇಶ ಇಂಜಿನ್ ಚಾಲು ಮಾಡಲಿಲ್ಲ. ಆಕೆ ಬುಟ್ಟಿಯ ಅಂಚು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ನಾಚಿಕೊಂಡವಳ ಹಾಗೆ ಕೇಳಿದಳು.

"ಆಕಿ ನೋಡಾಕ ಹೆಂಗಿದ್ಲಪ್ಪ?"

ಬೇಸಿಗೆಯುದ್ದಕ್ಕೂ ದಿನಾ ಕಂಡ ಮುಖ. ಹೇಳಲು ಹೋದರೆ ತಡವರಿಸಿದೆ. "ಸಣ್ಣಗ, ಎತ್ತರಕ ಇದ್ರು. ಕರ್ರಗಂದ್ರ ಕರ್ರಗ. ಮುಂದಿನ ಒಂದ ಹಲ್ಲ ಮುರದಿತ್ತು, ನಗುವಾಗ ಅದಕ್ಕ ಸೆರಗ ಅಡ್ಡ ಹಿಡೀತಿದ್ರು. ತಲೀ ಪೂರಾ ಬೆಳ್ಳಗಾಗಿತ್ತು. ತಾವು ಮಾತ್ರ ಒಂದಿನಾನೂ ಹೂವ ಮುಡಕೊಂಡಿದ್ದು ನಾ ನೋಡಲಿಲ್ಲ."

ರೇಣವ್ವ ಕೇಳುತ್ತ ಕೇಳುತ್ತ ಕೈ ಬಾಯಿಯ ಮೇಲೆ ಇಟ್ಟುಕೊಂಡಳು.

"ನಾ ಆಕೀನ ಗಿಡ್ಡಕ, ಕೆಂಪಗ ಅನ್ಕೊಂಡಿದ್ದೆ. ದಪ್ಪಗ, ಮೈಕೈ ತುಂಬ್ಕೊಂಡು. ಕರೀ ಕೂದ್ಲ, ತುರುಬಿನ ತುಂಬ ನನ್ನ ಹೂವ." ಆಗ ಮೊದಲ ಸಲ ಆಕೆಯ ಕಣ್ಣಲ್ಲಿ ನೀರು ಬಂತು. "ಇಷ್ಟ ವರ್ಷ ನಾ ಬ್ಯಾರೆ ಯಾರ್ದೋ ಮಕ ನೋಡ್ಕೋಂತ ಮಾತಾಡೀನಲ್ಲಪ್ಪ."